ಬಿಂದುಮಾಧವರ ಅಗ್ಗದ ನಿಮಿಷಗಳು

ಮೆಸೇಜು ಬಂದದ್ದು ಮುಂಜಾನೆ. ಬಿಂದುಮಾಧವರು ಆಗ ಒಂದು ಗಲ್ಲ ಬೋಳಿಸಿ ಮುಗಿಸಿ, ಇನ್ನೊಂದಕ್ಕೆ ಸಾಬೂನು ಹಚ್ಚಿಕೊಂಡಿದ್ದರು. ನಿಮ್ಮ ಪ್ರೀಪೇಡ್ ಮೊಬೈಲಿನ ಅವಧಿ ಇವತ್ತಿಗೆ ಮುಗಿಯುತ್ತದೆ, ರೀಚಾರ್ಜ್ ಮಾಡಿಸದಿದ್ದರೆ ಹೋಗುವ ಕರೆಯೂ ಬಂದ್, ಬರುವ ಕರೆಯೂ ಬಂದ್. ಓದಿದ್ದೇ ತಡ, ಬ್ಲೇಡು ಜಾರಿ ಗಲ್ಲ ಕೊಯ್ಯಿತು.

ಬೇರೆ ದಿನವಾಗಿದ್ದರೆ ಅವರು ಇಷ್ಟಕ್ಕೆಲ್ಲ ಗಾಬರಿಯಾಗುವ ಮನುಷ್ಯರಲ್ಲ. ಅಲ್ಲ, ಸುಳ್ಳು ಯಾಕೆ ಹೇಳಲಿ, ಆಗುವ ಮನುಷ್ಯರೇ; ಆದರೆ ರಕ್ತ ಬರುವಷ್ಟಲ್ಲ. ಇವತ್ತು ಮಾತ್ರ ಕಾರಣವಿತ್ತು. ಧಾರವಾಡದ ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತ ಈ ಗುಮಾಸ್ತರಿಗೆ ಬೀದರಿಗೆ ವರ್ಗವಾಗಿತ್ತು. ಮಗಳು ಮಾನಸಿ ಪಿಯುಸಿ ಎರಡನೇ ವರ್ಷ, ಸಂಸಾರ ಕೀಳುವಂತಿಲ್ಲ. ಬೀದರಿನಲ್ಲಿ ಒಬ್ಬರೇ ಖೋಲಿ ಹಿಡಿದು ಅನ್ನ ಬೇಯಿಸಿಕೊಳ್ಳುವುದನ್ನು ನೆನೆದರೆ ಅವರಿಗೆ ಅಳುವೇ ಬರುತ್ತಿತ್ತು.

ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ಅಮ್ಮಿನಬಾವಿಯ ಕಲ್ಲೇಶ ಅಂತ ಪರಿಚಯದವನಿದ್ದ. ಅವನು ಹೇಳಿದ್ದ: "ಧಾರವಾಡದಾಗ ಒಂದು ಜಾಗಾ ಖಾಲಿ ಐತ್ರಿ. ಗುರುವಾರ ನಾಲ್ಕರಿಂದ ಐದರೊಳಗ ಸಾಹೇಬ್ರ ಮುಂದ ಕುಂತು ಫೋನ್ ಹಚ್ತೇನಿ. ಅವರಿಗೆ ನಿಮ್ಮ ಬಾಯಿಂದನ ಕೇಳಬೇಕಂತ. ನೀವು ಎತ್ತಿ ಹೂಂ ಅಂದ್ರ ಬೀದರ ರದ್ದು. ಎತ್ತಲಿಲ್ಲ ಅಂದ್ರ ಜಾಗಾ ಪಟ್ಟಿಯಾಗಿನ ಮುಂದಿನ ಹೆಸರಿಗೆ."

ಇವತ್ತೇ ಆ ಗುರುವಾರ. ಕಚೇರಿಯ ಫೋನು ಕೆಟ್ಟು ಎರಡು ತಿಂಗಳಾಗಿತ್ತು. ಮನೆಗೆಲ್ಲ ಇದ್ದದ್ದು ಈ ಒಂದು ಮೊಬೈಲು.

ಆ ಮೊಬೈಲಿನ ಬಗ್ಗೆ ಸ್ವಲ್ಪ ಹೇಳಬೇಕು. ಬರುವ ಕರೆಗೂ ರೊಕ್ಕ ಕಡಿಯುತ್ತಿದ್ದ ಕಾಲದಲ್ಲಿ ಕೊಂಡದ್ದು ಅದು. ಆಗಲೇ ಬಿಂದುಮಾಧವರು ಹೆಂಡತಿ ಅಂಬಾಬಾಯಿಗೆ ನಿಯಮ ಹಾಕಿಕೊಟ್ಟಿದ್ದರು: ಫೋನು ಎಷ್ಟೇ ಬಡಕೊಂಡರೂ ಎತ್ತಬಾರದು, ರಿಂಗು ಎಣಿಸಬೇಕು. ದಿನಾಲೂ ಮೊಬೈಲು ನವನಗರದ ಮನೆಯಲ್ಲೇ ಇರುತ್ತಿತ್ತು. ಇವರು ಕಚೇರಿ ಮುಂದಿನ ಒಂದು ರೂಪಾಯಿಯ ಡಬ್ಬಿ ಫೋನಿನಿಂದ ಬೇಕಾದಷ್ಟು ರಿಂಗು ಕೊಟ್ಟು, ಎತ್ತದ ಕರೆಗೆ ಡಬ್ಬಿ ವಾಪಸು ಕೊಟ್ಟ ರೂಪಾಯಿಯನ್ನು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತುವರು. ಒಂದು ರಿಂಗಾದರೆ ಹೊರಟೆ ಎಂದರ್ಥ. ಎರಡಾದರೆ ಹೊರಟೆ, ಹಸಿವೂ ಆಗಿದೆ. ಅದರ ಮೇಲೆ ಒಂದೊಂದು ರಿಂಗಿಗೆ ಒಬ್ಬೊಬ್ಬ ಅತಿಥಿ. ಮುಂದೆ ಬರುವ ಕರೆ ಪುಕ್ಕಟೆಯಾಯಿತು. ನಿಯಮ ತೆಗೆದುಹಾಕುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಆ ದಿನ ಮೊಬೈಲನ್ನು ಕಿಸೆಗೆ ಹಾಕಿಕೊಂಡು, ಗಲ್ಲಕ್ಕೆ ಪೇಪರಿನ ಚೂರು ಅಂಟಿಸಿಕೊಂಡು, ಬಿಂದುಮಾಧವರು ಬಸ್‌ಸ್ಟಾಪಿನ ಪಕ್ಕದ ಮಕಬೂಲಸಾಬನ ಅಂಗಡಿಗೆ ಹೋದರು.

"ಬಿಳಿ ಕಾರ್ಡು ಹಾಕಸ್ರಿ. ಒಂದು ತಿಂಗಳ ಚಿಂತಿಲ್ಲ," ಎಂದ ಮಕಬೂಲಸಾಬ.

"ನಿಮಿಷಕ್ಕ ಎಷ್ಟು ಬೀಳ್ತದ?"

ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ವಿನೀತ ಸ್ಕೂಟರ್ ನಿಲ್ಲಿಸಿದ. ವಿಮೆ ಏಜೆಂಟ. ಕೇಳದಿದ್ದವರಿಗೆ ಸಲಹೆ ಕೊಟ್ಟೇ ಹೊಟ್ಟೆ ಹೊರೆಯುವವನು.

"ಕಾಕಾ, ಬಿಳಿ ಕಾರ್ಡು ಈಗ ಯಾರೂ ತಗೊಳ್ಳೂದಿಲ್ರಿ. ಇದ ಕಂಪನೀದು ನೀಲಿ ಬಂದದ. ನಿಮಿಷಕ್ಕ ನಲವತ್ತು ಪೈಸಾ ಕಮ್ಮಿ. ಬಿಳಿ ಹಾಕಿಸಿದ್ರಿ ಅಂದ್ರ ಜನಾ ನಗ್ತಾರ."

ಬಿಂದುಮಾಧವರು ಜನರ ನಗೆಗೆ ಅಂಜುವವರಲ್ಲ, ನಲವತ್ತು ಪೈಸೆಗೆ ಅಂಜುವವರು. ತೆಗೆದ ನೋಟನ್ನು ಮಡಚಿ ಮತ್ತೆ ಕಿಸೆಗೆ ಇಟ್ಟುಕೊಂಡರು. "ಸ್ವಲ್ಪ ವಿಚಾರ ಮಾಡ್ತೇನಿ."

"ಮಾಡ್ರಿ," ಎಂದ ಮಕಬೂಲಸಾಬ. ಅವನಿಗೆ ಈ ಗಿರಾಕಿ ಹೊಸಬರೇನಲ್ಲ.

ಕಚೇರಿಗೆ ಬಂದವರೇ ಕಿಸೆಡೈರಿ ತೆಗೆದು ಮೂರು ಗೀಟು ಎಳೆದರು. ಬಿಳಿ ಒಂದು ಕಡೆ, ನೀಲಿ ಒಂದು ಕಡೆ, ಇನ್ನೂ ಯಾವುದಾದರೂ ಇದ್ದರೆ ಇರಲಿ ಅಂತ ಒಂದು ಕಡೆ. ಐದೈದು ನಿಮಿಷಕ್ಕೆ ಮೊಬೈಲು ತೆಗೆದು ಸಿಗ್ನಲ್ಲಿನ ಕಡ್ಡಿ ನೋಡುತ್ತಿದ್ದರು. ಇವತ್ತಿಗೆ ಮುಗಿಯುತ್ತದೆ ಅಂದರೆ ಇವತ್ತು ಎಷ್ಟು ಹೊತ್ತಿಗೆ? ಮಧ್ಯಾಹ್ನಕ್ಕೇ ಬಂದ್ ಆದರೆ? ಹಾಗೆನಿಸಿದಾಗೆಲ್ಲ ಅಂಗೈ ಬೆವರಿ ಡೈರಿಯ ಅಂಕಿಗಳು ಕದಡುತ್ತಿದ್ದವು.

ಮೊದಲು ಬಂದವಳು ಟೈಪಿಸ್ಟ್ ಗೋದಾಬಾಯಿ. "ರಾತ್ರಿ ಹನ್ನೊಂದರ ಮ್ಯಾಲೆ ಪುಕ್ಕಟ ಮಾತಾಡೂದೊಂದು ಅದರಿ, ಅದನ್ನ ಹಾಕಿಸ್ರಿ."

"ರಾತ್ರಿ ಹನ್ನೊಂದಕ್ಕ ನಾ ಯಾರ ಜೋಡಿ ಮಾತಾಡ್ಲೆವಾ?"

"ಪುಕ್ಕಟ ಅದ ಅಂದಮ್ಯಾಲೆ ಯಾರರೆ ಸಿಗ್ತಾರ ತಗೋರಿ."

ಹೆಬ್ಬಳ್ಳಿಯ ಜವಾನ ಗುರುಶಿದ್ದಪ್ಪ ಕಡತ ಇಡುವ ನೆಪದಲ್ಲಿ ಬಂದು ನಿಂತ. "ಹೊಸಾ ಸಿಮ್ ತಗೊಂಡ್ ಬಿಡ್ರಿ ರಾಯರ. ನಂಬರ್ ಅಷ್ಟ ಬದಲಾಕ್ಕೈತಿ." ನಂಬರ್ ಬದಲಾಗುವ ಮಾತು ಕೇಳಿಯೇ ಬಿಂದುಮಾಧವರಿಗೆ ಬಿಕ್ಕಳಿಕೆ ಹತ್ತಿತು.

ಊಟದ ಹೊತ್ತಿಗೆ ಇಡೀ ಕಚೇರಿ ಅವರ ಟೇಬಲ್ಲಿನ ಸುತ್ತ ಇತ್ತು. ಎದುರು ಕುರ್ಚಿಯ ದುರ್ಗೇಶ ಮಾತ್ರ ಶೇಂಗಾ ಸುಲಿಯುತ್ತ ಕೂತಿದ್ದ. ಅವನಿಗೂ ಯಾದಗಿರಿಗೆ ವರ್ಗವಾಗಿತ್ತು. ಆದರೆ ನಾಳೆ ಮದುವೆಗೆ ಹೋಗುವವನ ಹಾಗೆ ಆರಾಮಾಗಿದ್ದ.

"ಇಷ್ಟ್ಯಾಕ ಗಡಿಬಿಡಿ ರಾಯರ? ಯಾರದರೆ ಫೋನ್ ಬರೂದೈತೇನು?"

"ಏ ಇಲ್ಲಪಾ. ಸುಮ್ನ," ಎಂದರು ಬಿಂದುಮಾಧವರು. ಖಾಲಿ ಜಾಗದ ಸುದ್ದಿ ಇವನಿಗೆ ತಿಳಿದರೆ ಇವನೂ ಗಂಟು ಬೀಳುತ್ತಾನೆ ಎಂಬ ಭಯ ಅವರಿಗೆ.

ದುರ್ಗೇಶ ಶೇಂಗಾದ ಸಿಪ್ಪೆ ಕೊಡವಿದ. "ಹಂಗಂದ್ರ ಕೆಂಪು ಕಾರ್ಡು ತಗೋರಿ. ಐವತ್ತು ರೂಪಾಯಿ, ನೂರು ನಿಮಿಷ. ಇದಕ್ಕಿಂತ ಸೋವಿ ಇಡೀ ಜಿಲ್ಲಾದಾಗ ಸಿಗಾಂಗಿಲ್ಲ."

ನಿಮಿಷಕ್ಕೆ ಎಂಟಾಣೆ! ಬಿಂದುಮಾಧವರು ಮೂರನೇ ಸಾಲಿನಲ್ಲಿ ಬರೆದು, ಕೆಳಗೆ ಎರಡು ಗೀಟು ಹಾಕಿದರು. ಗುರುಶಿದ್ದಪ್ಪನನ್ನು ಓಡಿಸಿದರು. ಓಡು ಎಂದರೆ ಗುರುಶಿದ್ದಪ್ಪ ಚಹಾ ಕುಡಿದು ಬರುವವನು. ಕಾರ್ಡು ಕೈಗೆ ಬರುವಾಗ ಎರಡೂಮುಕ್ಕಾಲು.

ಆಮೇಲೆ ಅವಸರಕ್ಕೆ ಕಾರ್ಡನ್ನು ರೂಪಾಯಿಯಿಂದ ಎಷ್ಟು ಜೋರಾಗಿ ಕೆರೆದರೆಂದರೆ, ಬೂದು ಬಣ್ಣದ ಜೊತೆಗೆ ಕೊನೆಯ ಅಂಕಿಯೂ ಹೋಯಿತು. ಗೋದಾಬಾಯಿ ಅದು ಮೂರು ಅಂದಳು. ಗುರುಶಿದ್ದಪ್ಪ ಎಂಟು ಅಂದ. ಮೂರು ಸಲ ತಪ್ಪಿದರೆ ಕಾರ್ಡು ಹಾಳು. ಮೂರು ಹಾಕಿದರು, ತಪ್ಪು. ಕಂಪನಿಗೆ ಫೋನು ಹಚ್ಚಿದರು, ಅಲ್ಲಿ ಯಾರೋ ಹತ್ತು ನಿಮಿಷ ಸಂಗೀತ ಕೇಳಿಸಿದರು. ಜೀವ ಕೈಯಲ್ಲಿ ಹಿಡಿದು ಎಂಟು ಒತ್ತಿದರು. ನಿಮ್ಮ ರೀಚಾರ್ಜ್ ಯಶಸ್ವಿಯಾಗಿದೆ ಎಂಬ ಸಾಲು ಮೂಡುತ್ತಿದ್ದಂತೆ, ಬ್ಯಾಟರಿ ಮುಗಿದು ಮೊಬೈಲು ಕಣ್ಣು ಮುಚ್ಚಿತು.

ದುರ್ಗೇಶನ ಚಾರ್ಜರಿನ ಪಿನ್ನು ಸಣ್ಣದು, ಇವರದು ದಪ್ಪ. ಹೊಟ್ಟೆನೋವು ಎಂದು ಹೇಳಿ ಬಿಂದುಮಾಧವರು ಕಚೇರಿಯಿಂದ ಹೊರಬಿದ್ದರು. ಆ ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ.

ನವನಗರದ ಮನೆ ಮುಟ್ಟುವಾಗ ಗಂಟೆ ಮೂರೂ ಐವತ್ತು. ಚಪ್ಪಲಿ ಸಹಿತ ಒಳಗೆ ನುಗ್ಗಿ ಚಾರ್ಜರಿಗೆ ಹಚ್ಚಿದರು. ಮೊಬೈಲು ಜೀವ ಪಡೆದು ಇನ್ನೊಂದು ಮೆಸೇಜು ತೋರಿಸಿತು: ನೂರು ನಿಮಿಷ ಜಮಾ ಆಗಿದೆ, ಅವಧಿಯಲ್ಲಿ ಬದಲಾವಣೆ ಇಲ್ಲ.

ಎರಡು ಸಲ ಓದಿದ ಮೇಲೆ ತಿಳಿಯಿತು. ಕೆಂಪು ಕಾರ್ಡಿನಲ್ಲಿ ನಿಮಿಷ ನೂರು ಬಂದಿದ್ದವು, ದಿನ ಒಂದೂ ಬಂದಿರಲಿಲ್ಲ. ಯಾವ ಕ್ಷಣದಲ್ಲಾದರೂ ಬರುವ ಕರೆ ಬಂದ್ ಆಗಬಹುದು, ನಾಲ್ಕಕ್ಕೆ ಹತ್ತೇ ನಿಮಿಷ. ಅವರ ಕಣ್ಣ ಮುಂದೆ ಬೀದರಿನ ಖೋಲಿ, ಸೀದ ಅನ್ನ ಎಲ್ಲ ಬಂದು ನಿಂತವು.

"ನಾ ಮಕಬೂಲಸಾಬನ ಅಂಗಡಿಗೆ ಹೋಗಿ ಬರ್ತೇನಿ. ಚಾರ್ಜ್ ಆಗ್ಲಿ, ತಗೀಬ್ಯಾಡ," ಎಂದು ಅಡಿಗೆಮನೆಯ ಕಡೆ ಕೂಗಿದರು. "ಫೋನಿನ ಕಡೆ ಪೂರಾ ಲಕ್ಷ್ಯ ಇಡು. ಬೆಂಕಿ ಬಿದ್ರೂ ಲಕ್ಷ್ಯ ಬಿಡಬ್ಯಾಡ."

"ಇಡ್ತೇನಿ ಹೋಗ್ರಿ. ನಾ ಎಂದರೆ ತಪ್ಪೇನೇನು?" ಎಂದರು ಅಂಬಾಬಾಯಿ.

ಮಕಬೂಲಸಾಬನ ಅಂಗಡಿಯಲ್ಲಿ ಕಾಲೇಜು ಹುಡುಗಿಯರ ಗುಂಪು ರಿಂಗ್‌ಟೋನು ಆರಿಸುತ್ತಿತ್ತು. ಒಂದೊಂದು ಹಾಡನ್ನೂ ಎರಡೆರಡು ಸಲ ಕೇಳಿದರು. ಬಿಂದುಮಾಧವರು ಒಂದು ಕಾಲ ಮೇಲೆ ನಿಂತು ಇನ್ನೊಂದು ಕಾಲ ಮೇಲೆ ನಿಂತರು. ಅವರ ಸರದಿ ಬಂದಾಗ ನಾಲ್ಕೂ ಇಪ್ಪತ್ತು.

"ಬಿಳಿ ಕಾರ್ಡಿಂದು ಹಾಕಪಾ, ಲಗೂ. ಬಂದ್ ಆಗ್ತದ."

ಮಕಬೂಲಸಾಬ ತನ್ನ ಫೋನಿನಿಂದಲೇ ಹಾಕಿದ. "ಮುಂಜಾನಿ ಕೊಟ್ಟಿದ್ದೆ ಇದನ್ನ," ಎಂದ. ಆಮೇಲೆ ಕೇಳಿದ, "ಇಷ್ಟ್ಯಾಕ ಓಡಿ ಬಂದ್ರಿ? ಇವತ್ತಿಗೆ ಮುಗೀತೈತಿ ಅಂದ್ರ ರಾತ್ರಿ ಹನ್ನೆರಡರ ತನಕ ನಡೀತೈತ್ರಿ."

ಬಿಂದುಮಾಧವರು ರೊಕ್ಕ ಎಣಿಸಿ ಕೊಟ್ಟರು. ಮುಂಜಾನೆಯೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇರಲಿ, ಐದಕ್ಕೆ ಇನ್ನೂ ಹೊತ್ತಿದೆ ಎಂದು ಸಮಾಧಾನ ಮಾಡಿಕೊಂಡು ಮನೆಯ ಕಡೆ ಹೆಜ್ಜೆ ಹಾಕಿದರು.

ಓಣಿಯ ತುದಿಗೇ ರವೆ ಹುರಿದ ವಾಸನೆ ಬಂತು. ಮನೆಯಲ್ಲಿ ನೆರೆಮನೆಯ ಮುತ್ತವ್ವ ಲಗ್ನದ ಬೋಗುಣಿಯಂಥದೊಂದನ್ನು ಒಲೆಯಿಂದ ಇಳಿಸುತ್ತಿದ್ದಳು. ಅಂಬಾಬಾಯಿ ಸೆರಗು ಸಿಕ್ಕಿಸಿಕೊಂಡು ಶಿರಾಕ್ಕೆ ತುಪ್ಪ ಸುರಿಯುತ್ತಿದ್ದರು. ಮುಖದ ತುಂಬ ನಗೆ.

"ಎಲ್ಲಿದ್ದಾರ ಅವರು?"

"ಯಾರು?"

"ನಿಮ್ಮ ಆಫೀಸಿನವರು. ಮೊದಲನೇ ಸಲ ಹದಿನಾರು ರಿಂಗು. ಎರಡನೇ ಸಲನೂ ಹದಿನಾರು. ಎರಡೆರಡು ತಗದ್ರ ಇಪ್ಪತ್ತೆಂಟು ಮಂದಿ. ಅಂಗಡಿ ಡಬ್ಬಿಯಿಂದ ನೀವ ಕೊಟ್ರಿ ಅಂದ್ಕೊಂಡೆ. ವರ್ಗ ರದ್ದಾತು, ಇಡೀ ಆಫೀಸು ಉಪ್ಪಿಟ್ಟಿಗೆ ಬರ್ಲಿಕ್ಕತ್ತದ ಅಂತ ಖುಷಿ ಆತು ನೋಡ್ರಿ."

"ಎತ್ತಲಿಲ್ಲೇನು?" ಬಿಂದುಮಾಧವರು ಚಾರ್ಜರಿನಿಂದ ಮೊಬೈಲು ಕಿತ್ತರು.

"ಎತ್ತಬಾರದಂತ ನೀವ ಹೇಳಿದ್ರೆಲ್ಲ. ಲಕ್ಷ್ಯ ಇಟ್ಟು ಎಣಿಸೇನಿ. ಒಂದೂ ತಪ್ಪಿಲ್ಲ."

ಕಲ್ಲೇಶನಿಗೆ ಹಚ್ಚಿದರು. ಅವನು ಮೆತ್ತಗೆ ಮಾತಾಡಿದ. "ಎರಡು ಸಲ ಪೂರ್ತಿ ಹೊಡಸಿದ್ನಿರಿ. ನಿಮಗ ಮನಸ್ಸಿಲ್ಲ ಅಂತ ಸಾಹೇಬ್ರು ಮುಂದಿನ ಹೆಸರಿಗೆ ಹೋದ್ರು. ನಿಮ್ಮ ಆಫೀಸಿನ ದುರ್ಗೇಶನ ಇದ್ದ. ಒಂದ ರಿಂಗಿಗೆ ಎತ್ತಿದ. ಸಾಹೇಬ್ರು ಕೇಳೂಕಿಂತ ಮೊದಲ ಹೂಂ ಅಂದ."

ಬಿಂದುಮಾಧವರು ಕುರ್ಚಿಯ ಮೇಲೆ ಕೂತರು. ಬೀದರು ಈಗ ಖರೇ ಆಗಿತ್ತು. ಮುತ್ತವ್ವ ಬೋಗುಣಿ ನೋಡುತ್ತ, "ಇಷ್ಟು ಉಪ್ಪಿಟ್ಟು ಏನ್ ಮಾಡೂದ್ರಿ ಈಗ?" ಎಂದಳು.

ಏನು ಮಾಡುವುದು? ಬಿಂದುಮಾಧವರು ಕೆಡಿಸುವ ಜನ ಅಲ್ಲ. ದುರ್ಗೇಶನಿಗೆ ಫೋನು ಹಚ್ಚಿದರು. "ಸುದ್ದಿ ಕೇಳಿದೆಪಾ. ಬಹಳ ಛಲೋ ಆತು. ಎಲ್ಲಾರ್ನೂ ಕರಕೊಂಡು ಈಗ ಮನಿಗೆ ಬಾ, ಉಪ್ಪಿಟ್ಟು ಶಿರಾ ಮಾಡೇವಿ."

"ರಾಯರ, ದೊಡ್ಡ ಮನಸು ನಿಮ್ಮದು," ಎಂದ ದುರ್ಗೇಶ. ಅವನ ದನಿ ಒದ್ದೆಯಾಗಿತ್ತು. "ಮತ್ತ ಆ ಕೆಂಪು ಕಾರ್ಡು ಹೆಂಗೈತ್ರಿ?"

"ಛಲೋ ಅದ. ಭಾಳ ಸೋವಿ," ಎಂದು ಕಟ್ ಮಾಡಿದರು.

ಅಂಬಾಬಾಯಿ ಒಂದು ತಾಟಿನಲ್ಲಿ ಉಪ್ಪಿಟ್ಟು ಹಾಕಿ ಗಂಡನ ಮುಂದಿಟ್ಟರು. ಅವರ ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು ಕೇಳಿದರು, "ಅಲ್ರೀ, ಇನ್ನ ನೀವು ಬೀದರದಿಂದ ಡಬ್ಬಿ ಫೋನ್ ಮಾಡ್ತೀರಿ. ಆವಾಗ ನಾ ಎತ್ತಬೇಕೋ, ಎಣಿಸಬೇಕೋ?"

ಬಿಂದುಮಾಧವರು ತುತ್ತು ಕೈಯಲ್ಲೇ ಹಿಡಿದು ಬಹಳ ಹೊತ್ತು ವಿಚಾರ ಮಾಡಿದರು. ಬೀದರಿನಿಂದ ಧಾರವಾಡ ಎಂದರೆ ಎಸ್‌ಟಿಡಿ.

"ಎಣಸು," ಎಂದರು.