ಹಾಮಾನನ ಹತ್ತು ಮಕ್ಕಳು, ಅಮ್ರಾಮನ ಒಂದು ಉಸಿರು

ಅಮ್ರಾಮನ ಎದೇಲಿ ಗಾಳಿ ಕಮ್ಮಿ. ಸೆಫ್ರೂ ಊರಿನ ಯಹೂದಿ ಕೇರೀಲಿ ಕೂತು ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಕಟ್ಟೋನಿಗೆ ಗಾಳಿ ಯಾಕೆ ಬೇಕು ಹೇಳಿ? ಆದ್ರೆ ಫ್ರೇಹಾಳನ್ನ ಮದುವೆ ಆಗೋಕೆ ಬೇಕಿತ್ತು.

ಅವಳಪ್ಪ ಹನನ್ಯಾ ಸಾಹುಕಾರ್ರ ಹತ್ರ ಒಂದು ಚರ್ಮದ ಸುರುಳಿ ಇತ್ತು. ಪುರೀಮ್ ಹಬ್ಬಕ್ಕೆ ಓದೋ ಎಸ್ತೇರ್ ರಾಣಿ ಕತೆ. ಅವರ ತಾತ ಅಂಚಿಗೆಲ್ಲ ಕಮಾನು, ದಾಳಿಂಬೆ ಬಳ್ಳಿ, ನವಿಲು ಬರ್ದು ಬಣ್ಣ ತುಂಬಿದ್ರು. ಕೊನೇಲಿ ವಿಲನ್ ಹಾಮಾನನ ಹತ್ತು ಮಕ್ಕಳ ಹೆಸರು ಬರುತ್ತೆ. ಅಷ್ಟನ್ನೂ ಒಂದೇ ಉಸಿರಲ್ಲಿ ಓದೋದು ಪದ್ಧತಿ. ಬೇರೆ ಸುರುಳೀಲಿ ಗಟಗಟ ಅಂತ ಮುಗಿಯುತ್ತೆ. ಈ ತಾತ ಮಾತ್ರ ಹೆಸರು ಹೆಸರಿನ ಮಧ್ಯೆ ಒಬ್ಬೊಬ್ಬನನ್ನ ನೇಣಿಗೆ ಹಾಕಿ, ಪಕ್ಕಕ್ಕೊಂದು ಗಿಣಿ ಕೂರಿಸಿ, ಪಟ್ಟೀನ ಮೊಳದುದ್ದ ಎಳೆದಿಟ್ಟಿದ್ರು. ಹೋದ ವರ್ಷ ಬಂದ ಗಂಡು ಎಂಟನೇ ಹೆಸರಲ್ಲಿ ಗಿಣಿ ನೋಡ್ತಾ ಉಸಿರೆಳೆದ. ಅಲ್ಲಿಗೆ ಅವನ ರೋಲ್ ಕಟ್.

ಒಂದೇ ಉಸಿರಲ್ಲಿ ಓದಿದೋನಿಗೆ ಸುರುಳೀನೂ ಕೊಡ್ತೀನಿ, ಮಗಳನ್ನೂ ಕೊಡ್ತೀನಿ ಅಂತ ಸಾಹುಕಾರ್ರು ಸಾರಿಬಿಟ್ಟಿದ್ರು.

ಹಬ್ಬದ ಮುಂಚಿನ ದಿನ ಕೇರಿಗೆಲ್ಲ ಉಪವಾಸ. ಅಮ್ರಾಮ ಬೆಳಿಗ್ಗೇನೇ ಅಂಗಳದಲ್ಲಿ ನಿಂತು ಅಭ್ಯಾಸ ಶುರು ಮಾಡ್ದ. ಆರನೇ ಹೆಸರಿಗೆ ತೂತು ಬಿದ್ದ ತಿದಿ ಥರ ಪುಸ್ ಅಂದ. ಅಡುಗೆ ಇಲ್ಲ, ಊಟ ಇಲ್ಲ, ಜನಕ್ಕೂ ಬೇರೇನು ಕೆಲಸ? ಇಡೀ ಕೇರಿ ಬಂದು ಸುತ್ತ ನಿಂತ್ಕೊಂತು.

ಪಕ್ಕದ ಮನೆ ತಾಮೋ ಅತ್ತೆ ಅವನ ಹೊಟ್ಟೆಗೆ ಶಾಲು ಬಿಗಿದಳು. "ಗಾಳಿ ಕೆಳಗಡೆಯಿಂದ ಸೋರ್ತಿದೆ ಕಣೋ," ಅಂದಳು. ತಾಮ್ರದ ಕೆಲಸದ ಯಹ್ಯಾ ಅವನ ತಲೇನ ನೀರಿನ ತೊಟ್ಟಿಗೆ ಅದ್ದಿ, ದಮ್ ಕಟ್ಟು ಅಂದ. ಅಮ್ರಾಮ ಎರಡು ಗುಟುಕು ನೀರು ನುಂಗಿದ. ಉಪವಾಸ ಕೆಡ್ತು ಅಂತ ಒಂದು ಪಾರ್ಟಿ, ಮೂಗಲ್ಲಿ ಹೋದ ನೀರು ಲೆಕ್ಕಕ್ಕಿಲ್ಲ ಅಂತ ಇನ್ನೊಂದು ಪಾರ್ಟಿ. ಆ ಜಗಳದ ಮಧ್ಯೆ ಅವನನ್ನ ಮೆಟ್ಟಿಲು ಹತ್ತಿಸಿ ಇಳಿಸಿ, ಬೆನ್ನಿಗೆ ಗುದ್ದಿ, ಜೊತೇಲಿ ತಾವೂ ಹೆಸರು ಹೇಳಿ ಹೇಳಿ, ಮಧ್ಯಾಹ್ನದೊಳಗೆ ಕೇರಿಗೆ ಕೇರೀನೇ ಹಾಮಾನನ ಮಕ್ಕಳನ್ನ ಸ್ವಂತ ಮಕ್ಕಳಿಗಿಂತ ಚೆನ್ನಾಗಿ ಕಲಿತಿತ್ತು. ಸಂಜೆ ಹೊತ್ತಿಗೆ ಅಮ್ರಾಮ ಒಂದೇ ಒಂದು ಸಲ ಹತ್ತೂ ಮುಟ್ಟಿದ. ಮುಖ ಬದನೆಕಾಯಿ ಆಗಿತ್ತು.

ಸೂರ್ಯ ಮುಳುಗಿದ್ರೆ ಹಬ್ಬ ಶುರು. ದೀಪ ಹಚ್ಚೋ ಹೊತ್ತಿಗೆ ಪ್ರಾರ್ಥನಾ ಮಂದಿರದಲ್ಲಿ ಹೀರೋ ಎಂಟ್ರಿ. ಕತೆ ಸರಾಗವಾಗಿ ಸಾಗ್ತು. ಆ ಪಟ್ಟಿ ಬಂತು. ಅಮ್ರಾಮ ಎಳೆದ ಉಸಿರಿಗೆ ದೀಪಗಳೇ ಬಗ್ಗಿದ್ವು. ಒಂದು, ಎರಡು, ಐದು. ಗಿಣಿಗಳ ಕಡೆ ಕಣ್ಣೇ ಹಾಕಲಿಲ್ಲ. ಏಳಕ್ಕೆ ಕತ್ತಿನ ನರ ಉಬ್ಬಿತು. ಯಹ್ಯಾ ಎದ್ದು ನಿಂತ. ತಡೀಲಾರದೆ ಎಂಟನೇ ಹೆಸರನ್ನ ತಾನೂ ಕೂಗಿದ. ಅವನ ಹಿಂದೆ ಇಡೀ ಸಭೆ ಕೂಗ್ತು. ಮಾಡಿನ ಮಣ್ಣು ಉದುರಿತು.

ಅಮ್ರಾಮ ಹತ್ತನ್ನೂ ಒಂದೇ ಉಸಿರಲ್ಲಿ ಮುಗಿಸಿದ್ದ. ಅದು ಗೊತ್ತಿದ್ದಿದ್ದು ಅವನೊಬ್ಬನಿಗೇ.

"ಕೊನೇ ಮೂರು ಯಾರು ಓದಿದ್ದು?" ಅಂದ್ರು ಹನನ್ಯಾ.

"ನಾನೇ ಸಾಹುಕಾರ್ರೆ, ನಮ್ಮಪ್ಪನಾಣೆ."

"ಬಾಯಿ ಆಡಿದ್ದು ನೋಡ್ದೆ. ಮೀನಿನ ಬಾಯೂ ಆಡುತ್ತಪ್ಪ."

ಯಹ್ಯಾ ಮುಂದೆ ಬಂದು, ನನ್ನ ಕಿವಿಯಾರೆ ಕೇಳಿದೀನಿ ಅಂತ ಸಾಕ್ಷಿ ನುಡಿದ.

"ಕಿರುಚ್ತಿದ್ದೋನೇ ನೀನು. ಕೇಳಿಸ್ಕೊಂಡಿದ್ದು ಯಾವ ಕಿವೀಲೋ?"

ಹನನ್ಯಾ ಗಡ್ಡ ನೀವಿದ್ರು. ಆಮೇಲೆ, ಇಷ್ಟು ಗಲಾಟೇಲೂ ಒಂದು ದನಿ ಮಾತ್ರ ನನಗೆ ಬೇರೆಯಾಗಿ ಕೇಳಿಸ್ತು, ಮೊದಲನೇ ಹೆಸರಿಂದ ಹತ್ತರವರೆಗೂ ಎಲ್ಲೂ ತುಂಡಾಗಲಿಲ್ಲ ಅಂದ್ರು. ಅಮ್ರಾಮನಿಗೆ ಹೋದ ಜೀವ ಬಂತು.

ಸಾಹುಕಾರ್ರು ತಲೆ ಎತ್ತಿ, ಮಹಡಿ ಮೇಲೆ ಹೆಂಗಸರು ಕೂತಿದ್ದ ಜಾಲರಿ ಕಡೆ ನೋಡಿದ್ರು.

"ಫ್ರೇಹಾ, ಸುರುಳಿ ನಿಂದೇ ಕಣಮ್ಮ. ಅಮ್ರಾಮಾ, ನೀನು ಬರೋ ವರ್ಷ ಬಾ."