ನನ್ನ ನಾಲಿಗೆಯ ರಾಜೀನಾಮೆ

ಕೆಲಸ ಸಿಕ್ಕಾಗಿನ ಸಂತೋಷಕ್ಕಿಂತ ಕೆಲಸ ಬಿಡಬೇಕು ಅಂದುಕೊಂಡಾಗಿನ ಸಂತೋಷವೇ ದೊಡ್ಡದು ಎಂದು ಈಚೆಗೆ ಕಂಡುಕೊಂಡಿದ್ದೇನೆ. ನನ್ನದು ಹೇಳಿದರೆ ಯಾರೂ ನಂಬದ ಕೆಲಸ. ಕಡೂರಿನಿಂದ ದಿನಾ ಬಸ್ಸು ಹಿಡಿದು ಚಿಕ್ಕಮಗಳೂರಿನ ಒಂದು ಕಾಫಿ ಕಾರ್ಖಾನೆಗೆ ಹೋಗುತ್ತೇನೆ. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಕಾಫಿ ಸುರ್ರೆಂದು ಎಳೆದುಕೊಂಡು, ಬಾಯಲ್ಲಿ ಆಡಿಸಿ, ಪೀಕದಾನಿಗೆ ಉಗುಳಿ, ಬೀಜದ ಗುಣ ಹೇಳುತ್ತೇನೆ. ನುಂಗುವ ಹಾಗಿಲ್ಲ. ದಿನಾ ಅಷ್ಟೊಂದು ನುಂಗಿದರೆ ನಿದ್ದೆಯ ಆಸೆ ಬಿಡಬೇಕು. ಮದುವೆಗೆ ಮುಂಚೆ ಹಿಡಿದ ಈ ಕೆಲಸ ಮಗಳು ಕಾಲೇಜು ಸೇರಿದರೂ ನನ್ನನ್ನು ಬಿಟ್ಟಿರಲಿಲ್ಲ.

ನಾಲಿಗೆ ನನ್ನದೇ ಆದರೂ ಯಜಮಾನಿಕೆ ಕಾರ್ಖಾನೆಯದು. ಈರುಳ್ಳಿ, ಬೆಳ್ಳುಳ್ಳಿ, ಖಾರ, ಎಲ್ಲಕ್ಕೂ ಭಾನುವಾರವೇ ಬರಬೇಕು. ಮೂಗು ಕೆಡುತ್ತದೆಂದು ಮಲ್ಲಿಗೆ ಮುಡಿಯುವ ಹಾಗೂ ಇಲ್ಲ. ಪಾಪ, ನಮ್ಮ ಯಜಮಾನರು ರುದ್ರೇಶ್ ಅಜ್ಜಂಪುರದ ಕಡೆ ಹೊಲ ಇರುವ ಈರುಳ್ಳಿ ಬೆಳೆಗಾರರು. "ಮೂಟೆಗಟ್ಲೆ ಈರುಳ್ಳಿ ಬೆಳ್ದು ಮನೇಲಿ ಚಪ್ಪೆ ಸಾರು ಉಣ್ಣೋ ಗಂಡಸು ನಾನೊಬ್ನೇ ಕಣೇ" ಎಂದು ಊಟಕ್ಕೆ ಕೂತಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಕೆಲಸ ಬಿಡುತ್ತೇನೆ ಎಂದು ನಾನು ಹೇಳಿದ ದಿನ, ಮಾತು ಮುಗಿಯುವುದರೊಳಗೆ ಈಳಿಗೆಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚಲು ಕೂತರು. ಮುಂದೆ ಏನು ಮಾಡುತ್ತೀಯ ಎಂದು ಕೇಳಿದ್ದು ಬಜ್ಜಿ ತಿಂದ ಮೇಲೆಯೇ.

ಸೈಕಲ್ ಅಂಗಡಿ ಎಂದೆ. ಸೈಕಲ್ಲನ್ನು ಯಾರೂ ರುಚಿ ನೋಡಿ ಕೊಳ್ಳುವುದಿಲ್ಲ. ಅಲ್ಲದೆ ತವರೂರು ಶಿವನಿಯಲ್ಲಿ ಸ್ಟೇಷನ್ನಿನವರೆಗೆ ಹುಡುಗರನ್ನೆಲ್ಲ ಹಿಂದೆ ಹಾಕಿ ಸೈಕಲ್ ತುಳಿದವಳು ನಾನು. ಅಂಗಡಿಗೆ ಜಾಗ ಸಿಗುವ ಮೊದಲೇ ಒಂದು ಬೆಲ್ ಕೊಂಡು ತಂದು ಅಡುಗೆಮನೆಯಲ್ಲಿ ಬಾರಿಸಿದ್ದೇ ಬಾರಿಸಿದ್ದು. ಮಗಳು ಫೋನಿನಲ್ಲಿ, "ಅಮ್ಮ, ಅದೇನು ಸದ್ದು?" ಎಂದರೆ, "ನನ್ನ ಭವಿಷ್ಯ ಕಣೇ" ಎಂದೆ.

ಕಡೂರಿನಲ್ಲೇ ಹೈಸ್ಕೂಲಿನ ಎದುರಿಗೆ ಒಂದು ಮಳಿಗೆ ಖಾಲಿ ಇತ್ತು. ಅದನ್ನು ಬಿಟ್ಟರೆ ನನ್ನ ಅಂಗಡಿಗೆ ಒಪ್ಪುವ ಜಾಗ ಊರಲ್ಲೇ ಇರಲಿಲ್ಲ. ಒಡತಿ ಪಾರ್ವತಮ್ಮನ ಮನೆ ಮಳಿಗೆಯ ಹಿಂದೆಯೇ. ನನ್ನನ್ನೂ ರುದ್ರೇಶರನ್ನೂ ಜಗಲಿಯಲ್ಲಿ ಕೂರಿಸಿ, ಬಾಡಿಗೆಯ ಮಾತು ಮುಗಿಸಿ, "ಬಾಯಿ ಸಿಹಿ ಮಾಡ್ಕಳಿ, ಆಮೇಲೆ ಬೀಗದ ಕೈ ಕೊಡ್ತೀನಿ" ಎಂದು ಕಾಫಿ ತಂದರು. ನಾನಾಗಲೇ ಮನಸ್ಸಿನಲ್ಲಿ ಬೋರ್ಡಿಗೆ ಬಣ್ಣ ಬಳಿಯುತ್ತಿದ್ದೆ. ಲೋಟ ತುಟಿಗಿಟ್ಟು ಸುರ್ರೆಂದು ಎಳೆದೆ, ಬಾಯಲ್ಲಿ ಆಡಿಸಿದೆ, ಪಕ್ಕದ ದಾಸವಾಳದ ಕುಂಡಕ್ಕೆ ಉಗುಳಿ, "ಹಳೇ ಬೀಜ. ಚಿಕೋರಿ ಜಾಸ್ತಿ. ಮುಗ್ಗಲು" ಎಂದುಬಿಟ್ಟೆ.

ಪಾರ್ವತಮ್ಮನ ಮುಖ ಕೆಂಪಾಯಿತು. "ತರೀಕೆರೆಯಿಂದ ನನ್ ಮಗಳು ತಂದ್ಕೊಟ್ಟಿರೋ ಪುಡಿ ಕಣಮ್ಮ ಅದು!"

"ತಪ್ಪು ತಿಳ್ಕಬೇಡಿ ಕಣಮ್ಮ, ಉಗುಳೋದೇ ಇವಳ ಕೆಲ್ಸ. ಅದಕ್ಕೇ ಸಂಬ್ಳ ಕೊಡ್ತಾರೆ" ಎಂದರು ರುದ್ರೇಶ್.

"ಉಗುಳೋಕೂ ಸಂಬ್ಳ ಕೊಡ್ತಾರಾ?" ಎಂದು ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮನೇಲಿ ಅದೆಲ್ಲ ನಡೆಯಕಿಲ್ಲ. ಇನ್ನೊಂದು ಲೋಟ ತತ್ತೀನಿ, ನನ್ನೆದ್ರಿಗೆ ಪೂರ್ತಿ ನುಂಗು. ಮಳಿಗೆ ನಿಂದು. ಉಗುಳಿದ್ಯೋ, ನಿನ್ ದಾರಿ ನಿಂದು."

ಎಷ್ಟೋ ಕಾಫಿಗಳಿಗೆ ತೀರ್ಪು ಕೊಟ್ಟ ನನಗೆ ಒಂದು ಲೋಟ ಕಾಫಿ ತೀರ್ಪು ಕೊಡಲು ಕೂತಿತ್ತು. ಗಂಟಲು ಬೇಡ ಅಂದಿತು. ಬೆಲ್ ನೆನೆಸಿಕೊಂಡೆ, ಶಿವನಿಯ ರಸ್ತೆ ನೆನೆಸಿಕೊಂಡೆ, ಕಣ್ಣು ಮುಚ್ಚಿ ತಳದ ಚರಟದವರೆಗೂ ಕುಡಿದೆ. "ಹೆಂಗದೆ?" ಎಂದರು. "ಬಹಳ ಚೆನ್ನಾಗಿದೆ ಕಣಮ್ಮ" ಎಂದೆ. ಇಷ್ಟು ವರ್ಷದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ವರದಿ ಅದು.

ಪಾರ್ವತಮ್ಮ ಕರಗಿಹೋದರು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿ, "ನೀನೂ ನನ್ ಮಗಳಿದ್ದಂಗೆ. ಇನ್ಮೇಲೆ ದಿನಾ ಸಾಯಂಕಾಲ ಅಂಗಡಿಗೇ ದೊಡ್ಡ ಲೋಟದಲ್ಲಿ ಕಳಿಸ್ತೀನಿ" ಎಂದರು.

ನಾಳೆ ರಾಜೀನಾಮೆ ಕೊಡುತ್ತಿದ್ದೇನೆ. ತಲೆ ತುಂಬ ಮಲ್ಲಿಗೆ ಮುಡಿದೇ ಹೋಗುವವಳು. ಸುದ್ದಿ ಮೊದಲೇ ಗೊತ್ತಾಗಿದ್ದ ಕಾರ್ಖಾನೆಯ ಸಾಹೇಬರು ಬೀಳ್ಕೊಡುಗೆಗೆ ಏನು ಬೇಕು ಎಂದು ಕೇಳಿದ್ದರು. ಶಾಲು ಬೇಡ, ನನ್ನ ಪೀಕದಾನಿ ಕೊಟ್ಟರೆ ಸಾಕು ಎಂದು ಹೇಳಿಬಿಟ್ಟಿದ್ದೇನೆ. ಅಂಗಡಿಯ ಕೌಂಟರ್ ಕೆಳಗೆ ಅದಕ್ಕೊಂದು ಜಾಗ ಮಾಡಿಟ್ಟಾಗಿದೆ.