ಆರು ಬೋಲ್ಟಿನ ಬಂಪರು

ನಾನು ಸ್ಪ್ಯಾನರ್ ಡಬ್ಬಿ ತೆಗೆದ ಸದ್ದಾದರೆ ಸಾಕು, ವಿದ್ಯಾನಗರದ ನಮ್ಮ ಬೀದಿಗೆ ಅವತ್ತಿನ ಮನರಂಜನೆ ಸಿಕ್ಕಿತು ಅಂತಲೇ ಅರ್ಥ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆದರೆ ನಮ್ಮ ಹಳೇ ಕಾರಿನ ಬೋಲ್ಟು ಬಿಗಿಯುವಾಗ ಬರುವ ಹುರುಪು ಯಾವ ಪಾಠದಲ್ಲೂ ಬರುವುದಿಲ್ಲ!

೧. ಇನ್ನೊಂದು ಸುತ್ತು

ಮೊದಲು ಕೈಹಾಕಿದ್ದು ನಂಬರ್ ಪ್ಲೇಟಿಗೆ. ಗಟ್ಟಿಯಾಗಿರಲಿ ಅಂತ ಇನ್ನೊಂದು ಸುತ್ತು, ಮತ್ತೊಂದು ಸುತ್ತು ತಿರುಗಿಸಿದೆ. 'ಕಟ್' ಅಂತು. ಪ್ಲೇಟು ಎರಡು ಹೋಳು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಒಂದು ಹೋಳು ಮುಂದೆ, ಒಂದು ಹಿಂದೆ ಹಾಕ್ರಿ. ಓದೋರು ಸೇರಿಸ್ಕೊಂಡು ಓದ್ತಾರ."

೨. ಉಳಿದ ಬೋಲ್ಟು

ಆಮೇಲೆ ಮುಂದಿನ ಬಂಪರು ಬಿಚ್ಚಿ ಮತ್ತೆ ಜೋಡಿಸಿದೆ. ಎಲ್ಲ ಮುಗಿದ ಮೇಲೆ ಒಂದು ಬೋಲ್ಟು ಕೈಯಲ್ಲೇ ಉಳಿಯಿತು. ಕಂಪನಿಯವರೇ ಒಂದು ಹೆಚ್ಚಿಗೆ ಕೊಟ್ಟಿರಬೇಕು ಅಂತ ಖುಷಿಯಿಂದ ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ. ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು.

"ಮೇಷ್ಟ್ರೇ, ಮೊದ್ಲು ಎಲ್ಲಾ ಬೋಲ್ಟು ಬರಿಗೈಲೇ ತಿರುಗಿಸಿ ಕೂಡಿಸ್ರಿ. ಆಮೇಲೆ ಸ್ಪ್ಯಾನರ್ ಹಾಕಿ ಎಡಕ್ಕೊಂದು ಬಲಕ್ಕೊಂದು ಬಿಗೀರಿ. ಬಿಗಿ ಸಿಕ್ತಾ, ನಿಲ್ಲಿಸ್ರಿ, ಬಲ ತೋರಿಸ್ಬ್ಯಾಡ್ರಿ. ಬಿಗಿದಿದ್ದಕ್ಕೆ ಒಂದು ಗೀರು ಎಳೀರಿ, ಗುರ್ತಿರ್ತೈತೆ."

"ಮತ್ತೆ ಈ ಬೋಲ್ಟು?"

"ಅದಾ? ನಿಮ್ಮ ಬಂಪರ್ ಕೊಟ್ಟ ರಾಜೀನಾಮೆ."

೩. ಬೀಗರ ಮನೆ

ಮಗಳ ಮದುವೆ ನಿಶ್ಚಯವಾಗಿತ್ತು. ಭಾನುವಾರ ಕಡರನಾಯಕನಹಳ್ಳಿಯ ಬೀಗರ ಮನೆಗೆ ನಾವಿಬ್ಬರೂ ಮೊದಲ ಸಲ ಹೋಗಬೇಕು. ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: "ಬೀಗರ ಮುಂದೆ ಕಾರಿಂದ ಏನಾದ್ರೂ ಉದುರಿದ್ರೆ, ನಿಮ್ ಡಬ್ಬಿ ಸೀದಾ ಗುಜರಿಗೆ!"

ಭಾನುವಾರ ಬೆಳಿಗ್ಗೆಯೇ ಬಂಪರಿನ ಮುಂದೆ ಕೂತೆ. ಅಜ್ಜ ಹೇಳಿದಂತೆ ಆರೂ ಬೋಲ್ಟು ಬರಿಗೈಲಿ ಕೂಡಿಸಿ, ಒಂದೊಂದೇ ಬಿಗಿಯುತ್ತ ಬಂದೆ. ಗುರುತಿಗೆ ಬಣ್ಣ ಸಿಗಲಿಲ್ಲ. ದೇವರ ಮನೆಯ ವಿಭೂತಿಗಟ್ಟಿ ತಂದು, ಬಿಗಿದ ಒಂದೊಂದಕ್ಕೂ ಒಂದು ಗೀರೆಳೆಯುತ್ತ ಹೋದೆ. ಅಷ್ಟರಲ್ಲಿ "ಹೊರಟ್ರಾ?" ಅಂತ ಬೀಗರ ಫೋನು. ಮಾತಾಡಿ ಬಂದು ನೋಡಿದರೆ ಆರಕ್ಕೂ ವಿಭೂತಿ! ಕೆಲಸ ಮುಗಿಸಿಯೇ ಎದ್ದಿದ್ದೆ ಅಂತ ಹಿಗ್ಗಿ, ಡಬ್ಬಿ ಡಿಕ್ಕಿಗೆ ಹಾಕಿದೆ.

ಬೀಗರ ಮನೆ ಮುಂದಿನ ಹಂಪು ಇಳಿದದ್ದೇ ತಡ, ಬಂಪರಿನ ಒಂದು ಬದಿ ಕಳಚಿ ನೆಲಕ್ಕೆ ಬಾಗಿತು, ಬೀಗರ ಮನೆಗೆ ನಮಸ್ಕಾರ ಮಾಡಿದಂತೆ. ನನ್ನ ಡಬ್ಬಿಯ ಕಥೆ ಮುಗಿಯಿತು ಅಂದುಕೊಂಡು ಕೆಳಗೆ ಬಿದ್ದ ಬೋಲ್ಟು ಎತ್ತಿಕೊಂಡೆ. ನಾನು ಎಳೆದದ್ದು ಒಂದೇ ಗೀರು. ಇದರ ಮೇಲೆ ನೀಟಾಗಿ ಮೂರು ಗೆರೆ!

ಹೆಂಡತಿಯ ಮುಖ ನೋಡಿದೆ.

"ನಾಲ್ಕಕ್ಕೆ ವಿಭೂತಿ ಹಚ್ಚಿ ಎರಡಕ್ಕೆ ಬಿಟ್ಟಿದ್ರಿ," ಅಂದಳು ಮೆಲ್ಲಗೆ. "ಬೀಗರ ಮನೆಗೆ ಬರೀ ಹಣೇಲಿ ಹೋಗ್ಬಾರ್ದಲ್ಲ, ನಾನೇ ಹಚ್ಚಿದೆ. ಏನ್ ನೋಡ್ತೀರಿ? ಡಬ್ಬಿ ತಗೀರಿ ಲಗೂನ, ಬೀಗರು ಬಂದ್ರು!"